ಬಲವಾದ ಸೆಡಾನ್‌ಗೆ ಹೊಸ ಟೈರ್: ಮೊದಲು ಹಳೆಯ ಟೈರ್ ಓದಿ, ಕಂಪನಿಯ ಹೆಸರು ಆಮೇಲೆ

ನನಗೆ ಫೋನ್ ಬರುವುದು ಟೈರ್ ಹಾಕಿಸಿ ಎರಡು ವಾರ ಆದ ಮೇಲೆ. ‘ಸಾರ್, ಎಂಬತ್ತು ದಾಟಿದರೆ ಸ್ಟಿಯರಿಂಗ್ ನಡುಗುತ್ತೆ.’ ‘ಹಿಂದಿನ ಎರಡು ಮಾತ್ರ ಹಾಕಿಸಿದೆ, ಈಗ ನಿಧಾನಕ್ಕೆ ತಿರುಗಿಸುವಾಗ ಕೆಳಗಿನಿಂದ ಎಳೆದ ಹಾಗಾಗುತ್ತೆ.’ ‘ಟೈರ್ ಹೊಸದು, ಆದರೂ ಮಳೆಯಲ್ಲಿ ಜಾರುತ್ತೆ.’ ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಕಂಪನಿ ಗೊತ್ತು ಮಾಡಿಕೊಂಡಿರುತ್ತಾರೆ, ಅಂಗಡಿಯಲ್ಲಿ ಆ ಕಂಪನಿಯ ಯಾವ ಸೈಜ್ ಇತ್ತೋ ಅದನ್ನು ಕಾರಿಗೆ ಒಗ್ಗಿಸಿಕೊಂಡಿರುತ್ತಾರೆ. ಕೆಲಸ ಸಾಗಬೇಕಾದದ್ದು ಇದರ ವಿರುದ್ಧ ದಿಕ್ಕಿನಲ್ಲಿ.

ಉದಾಹರಣೆಗೆ ಬಿಎಂಡಬ್ಲ್ಯು 3 ಸೀರೀಸ್‌ನ ಎಂ340ಐ ಕಾರನ್ನು ಇಟ್ಟುಕೊಳ್ಳುತ್ತೇನೆ. 2021ರಿಂದ ಚೆನ್ನೈನಲ್ಲೇ ಜೋಡಣೆಯಾಗುತ್ತಿರುವ ಈ ಕಾರಿಗೆ 374 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಕ್ಕೆ ಎಳೆತ. ಟೈರ್ ವಿಷಯದಲ್ಲಿ ಮಾಡಬಹುದಾದ ಅಷ್ಟೂ ತಪ್ಪುಗಳಿಗೆ ಇದರಲ್ಲಿ ಜಾಗವಿದೆ. ನಿಮ್ಮದು ಬೇರೆ ಕಾರಾಗಿದ್ದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಕೈಯಲ್ಲಿ ಏನೇನಿರಬೇಕು

ಟ್ರೆಡ್ (ಟೈರಿನ ನೆಲಕ್ಕೆ ತಾಗುವ, ಕಾಲುವೆಗಳಿರುವ ಭಾಗ) ಆಳ ನೋಡುವ ಗೇಜ್, ಗಾಳಿ ನೋಡುವ ಸ್ವಂತ ಗೇಜ್, ಒಂದು ಟಾರ್ಚ್, ಕಾರಿನ ಮ್ಯಾನ್ಯುವಲ್, ಫೋನಿನ ಕ್ಯಾಮೆರಾ. ಚಕ್ರಕ್ಕೆ ಲಾಕ್ ಬೋಲ್ಟ್ ಇದ್ದರೆ ಅದರ ಕೀ ಎಲ್ಲಿದೆ ಎಂದು ಇವತ್ತೇ ಹುಡುಕಿ. ಅಂಗಡಿಯಲ್ಲಿ ಕಾರು ಜಾಕ್ ಮೇಲೆ ನಿಂತಿರುವಾಗ ಡಿಕ್ಕಿಯನ್ನೆಲ್ಲ ಕೆದಕುವ ದೃಶ್ಯ ಬೇಕಾದಷ್ಟು ನೋಡಿದ್ದೇನೆ.

## ಹಂತ 1: ಹಳೆಯ ಟೈರನ್ನು ಓದಿ

ಹೊಸ ಟೈರಿನ ಬೆಲೆ ವಿಚಾರಿಸುವ ಮೊದಲು ಹಳೆಯದು ಹೇಗೆ ಸವೆದಿದೆ ನೋಡಿ. ಪ್ರತಿ ಟೈರಿನಲ್ಲಿ ಮೂರು ಕಡೆ ಅಳೆಯಿರಿ: ಒಳ ಅಂಚು, ನಡು, ಹೊರ ಅಂಚು. ನಾಲ್ಕು ಟೈರಿಗೆ ಹನ್ನೆರಡು ಅಂಕಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಬೋಳಾಗಿದ್ದರೆ ಗಾಳಿ ಹೆಚ್ಚಾಗಿತ್ತು. ಒಳ ಅಂಚು ಮಾತ್ರ ಹೋಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಕೆಟ್ಟಿದೆ, ಅಥವಾ ಸಸ್ಪೆನ್ಷನ್ನಿನ ಬುಶ್ (ಕೀಲಿನ ರಬ್ಬರ್) ಸಡಿಲಾಗಿದೆ. ಟ್ರೆಡ್ ಮೇಲೆ ಅಂಗೈ ಆಡಿಸಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಸಿಕ್ಕಿದರೆ ಟೋ ಸೆಟ್ಟಿಂಗ್, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಅಲ್ಲಲ್ಲಿ ತಟ್ಟೆಯಂತೆ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ.

ಇದನ್ನು ಬಿಟ್ಟು ಮುಂದೆ ಹೋದವರದೇ ಮೊದಲ ತಪ್ಪು. ಒಳ ಅಂಚು ತಿನ್ನುವ ಕಾರಿಗೆ ಯಾವ ಕಂಪನಿಯ ಟೈರ್ ಹಾಕಿದರೂ ಅದು ಒಳ ಅಂಚನ್ನೇ ತಿನ್ನುತ್ತದೆ. ಮೊದಲು ಕಾಯಿಲೆ ವಾಸಿ ಮಾಡಿಸಿ. ನೇರ ನಿಂತು ನೋಡಿದರೆ ಒಳ ಅಂಚು ಕಾಣುವುದೇ ಇಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ, ಟಾರ್ಚ್ ಹಿಡಿದು ನೋಡಬೇಕು. ಹೊರಗೆ 4 ಮಿ.ಮೀ. ಇದ್ದು ಒಳಗೆ ತಂತಿ ಕಾಣುತ್ತಿದ್ದ ಟೈರಿನಲ್ಲಿ ಕುಟುಂಬ ಸಮೇತ ಧರ್ಮಸ್ಥಳಕ್ಕೆ ಹೋಗಿ ಬಂದವರಿದ್ದಾರೆ.

ಎಷ್ಟು ಸವೆದರೆ ಬದಲಿಸಬೇಕು? ಕಾನೂನಿನ ಗೆರೆ 1.6 ಮಿ.ಮೀ. ಟ್ರೆಡ್ಡಿನ ಕಾಲುವೆಗಳ ನಡುವೆ ಇರುವ ಸಣ್ಣ ದಿಬ್ಬ, ಅಂದರೆ ಸವೆತದ ಗುರುತು, ಟ್ರೆಡ್ಡಿನ ಮಟ್ಟಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಆದರೆ ಇಷ್ಟು ಬಲದ, ಇಷ್ಟು ಅಗಲದ ಟೈರಿನ ಕಾರಿಗೆ ನನ್ನ ಗೆರೆ 3 ಮಿ.ಮೀ. ಅಗಲ ಹೆಚ್ಚಿದಷ್ಟೂ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ಆ ನೀರನ್ನು ಹೊರಗೆ ತಳ್ಳುವುದು ಟ್ರೆಡ್ಡಿನ ಆಳ ಒಂದೇ. ಮೇ ತಿಂಗಳಲ್ಲಿ 3 ಮಿ.ಮೀ. ತೋರಿಸಿದರೆ ಮೃಗಶಿರಾ ಮಳೆ ಹಿಡಿಯುವ ಮೊದಲೇ ಬದಲಿಸಿ.

ಆಳ ಎಷ್ಟೇ ಇರಲಿ, ಈ ಲಕ್ಷಣ ಕಂಡರೆ ಕಾಯಬೇಡಿ: ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆ) ನಿಂಬೆಹಣ್ಣಿನಂತೆ ಉಬ್ಬು, ದಾರ ಕಾಣುವ ಸೀಳು, ರಬ್ಬರಿನ ತುಂಬ ಬಲೆ ಬಲೆಯಾಗಿ ಬಿರುಕು. ಗುಂಡಿಗೆ ಬಿದ್ದಾಗ ಒಳಗಿನ ದಾರ ತುಂಡಾಗಿ ಬರುವ ಉಬ್ಬಿಗೆ ರಿಪೇರಿ ಇಲ್ಲ. ‘ಸ್ವಲ್ಪ ದಿನ ಓಡುತ್ತೆ ಸಾರ್’ ಎಂದವರು ಆ ಕಾರಿನಲ್ಲಿ ಕೂರುವುದಿಲ್ಲ.

## ಹಂತ 2: ಸೈಜ್ ಬರೆದುಕೊಳ್ಳಿ, ಆದರೆ ಟೈರ್ ನೋಡಿ ಅಲ್ಲ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೊಂದು ಸ್ಟಿಕರ್ ಇರುತ್ತದೆ. ಸೈಜ್ ಮತ್ತು ಗಾಳಿಯ ಒತ್ತಡ ಅಲ್ಲಿಂದ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರು ಯಾವುದೋ ಸೈಜ್ ಹಾಕಿಸಿರಬಹುದು, ಅದನ್ನೇ ನಕಲು ಮಾಡಿದರೆ ಅವರ ತಪ್ಪು ನಿಮ್ಮದಾಗುತ್ತದೆ.

3 ಸೀರೀಸ್‌ಗೆ ಬರುವ 18 ಇಂಚಿನ ಒಂದು ಜೋಡಿ ಹೀಗಿದೆ: ಮುಂದೆ 225/45 ಆರ್18, ಹಿಂದೆ 255/40 ಆರ್18. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಸೈಡ್‌ವಾಲ್ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಅದರ ಪಕ್ಕದ 95ವೈ, 99ವೈ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. 95 ಎಂದರೆ ಆ ಟೈರ್ 690 ಕೆ.ಜಿ. ಹೊರಬಲ್ಲದು, 99 ಎಂದರೆ 775 ಕೆ.ಜಿ. ಅದೇ ಸೈಜಿನಲ್ಲಿ 91ರ ಟೈರೂ ಸಿಗುತ್ತದೆ, ಅದು 615 ಕೆ.ಜಿ.ಗೆ ನಿಲ್ಲುತ್ತದೆ. ನೋಡಲು ಅಣ್ಣತಮ್ಮ, ಹೊರುವುದರಲ್ಲಿ ಬೇರೆ. ಎಕ್ಸ್‌ಎಲ್ ಎಂದು ಬರೆದಿದ್ದರೆ ಹೆಚ್ಚು ಭಾರಕ್ಕೆ ಗಟ್ಟಿ ಮಾಡಿದ್ದು. ಸ್ಟಿಕರ್ ಅಥವಾ ಮ್ಯಾನ್ಯುವಲ್ ಹೇಳಿದ್ದಕ್ಕಿಂತ ಹೆಚ್ಚಿನದು ಹಾಕಬಹುದು, ಕಡಿಮೆಯದು ಬೇಡವೇ ಬೇಡ.

ಅಕ್ಷರ ವೇಗದ್ದು. ವಿ ಎಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು 270, ವೈ 300. ‘ಮೈಸೂರು ರಸ್ತೆಯಲ್ಲಿ ನೂರಕ್ಕೆ ಕ್ಯಾಮೆರಾ ಹಿಡಿಯುತ್ತೆ, 300 ಯಾಕೆ ಬೇಕು?’ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಅಕ್ಷರ ಬರೀ ವೇಗದ್ದಲ್ಲ. ಬಿಸಿ ತಡೆಯುವ ಶಕ್ತಿ, ಒಳಗಿನ ಬೆಲ್ಟುಗಳ ಬಿಗಿ ಅದರ ಜೊತೆಗೇ ಬರುತ್ತವೆ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿ ಕಡೆ ತುಂಬಿದ ಕಾರು ಓಡಿಸುವಾಗ ಉಪಯೋಗಕ್ಕೆ ಬರುವುದು ಅದೇ.

## ಹಂತ 3: ಮುಂದೆ, ಹಿಂದೆ ಸುತ್ತಳತೆ ಹೊಂದಿಸಿ

ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ಹಂತದಲ್ಲಿ. ಹಾಗಾಗಿ ಲೆಕ್ಕ ಮಾಡಿಯೇ ತೋರಿಸುತ್ತೇನೆ.

225ರ ಶೇ. 45 ಎಂದರೆ 101.25 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್, ಸೇರಿ 202.5. ಹದಿನೆಂಟು ಇಂಚಿನ ರಿಮ್ 457.2. ಒಟ್ಟು ವ್ಯಾಸ 659.7 ಮಿ.ಮೀ. ಹಿಂದಿನ 255/40ಕ್ಕೆ ಇದೇ ಲೆಕ್ಕ ಹಾಕಿದರೆ 661.2. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಬೇರೆ ಬೇರೆ ಅಗಲವಿದ್ದರೂ ಎರಡೂ ಹೆಚ್ಚುಕಡಿಮೆ ಸಮ ಉರುಳುವಂತೆ ಕಾರ್ಖಾನೆಯವರು ಲೆಕ್ಕ ಹಾಕಿಟ್ಟಿದ್ದಾರೆ.

ಈಗ ಅಂಗಡಿಯವರು ‘225 ಸ್ಟಾಕ್ ಇಲ್ಲ, 235/45 ಹಾಕೋಣ, ಗ್ರಿಪ್ ಇನ್ನೂ ಚೆನ್ನಾಗಿರುತ್ತೆ’ ಎನ್ನುತ್ತಾರೆ. 235/45ರ ವ್ಯಾಸ 668.7. ಹಿಂದಿನ ಚಕ್ರದ ಟೈರಿಗಿಂತ ಏಳೂವರೆ ಮಿಲಿಮೀಟರ್ ದೊಡ್ಡದು. ಪ್ರತಿ ಕಿಲೋಮೀಟರಿಗೆ ಮುಂದಿನ ಚಕ್ರ ಹಿಂದಿನದಕ್ಕಿಂತ ಐದು ಸುತ್ತು ಕಡಿಮೆ ತಿರುಗುತ್ತದೆ. ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ ಏಳುನೂರು ಸುತ್ತಿನ ಜಗಳ. ಆ ಜಗಳ ಬಿಡಿಸುವ ಕೆಲಸ ಎಂಜಿನ್ನಿನ ಬಲವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಕ್ಲಚ್ ಪ್ಲೇಟುಗಳದ್ದು. ಅವು ಬಿಡುವಿಲ್ಲದೆ ಉಜ್ಜಿಕೊಂಡು ಬಿಸಿಯಾಗುತ್ತವೆ. ಮೊದಲ ಲಕ್ಷಣ ನಿಧಾನ ತಿರುವಿನಲ್ಲಿ ಜಗ್ಗಿದ ಅನುಭವ, ಆಮೇಲೆ ಎಚ್ಚರಿಕೆಯ ದೀಪ, ಕೊನೆಗೆ ನಾಲ್ಕು ಟೈರಿಗಿಂತ ದೊಡ್ಡ ಬಿಲ್.

‘ನಾನು ಸೈಜ್ ಬದಲಿಸಿಲ್ಲ, ಹಿಂದಿನ ಎರಡು ಮಾತ್ರ ಹೊಸದು’ ಎನ್ನುವವರೂ ಇದೇ ಗುಂಡಿಗೆ ಬೀಳುತ್ತಾರೆ. ಮುಂದಿನ ಟೈರ್ 4 ಮಿ.ಮೀ. ಸವೆದಿದ್ದರೆ ಅದರ ವ್ಯಾಸ 8 ಮಿ.ಮೀ. ಕಿರಿದಾಗಿದೆ. ಸೈಜ್ ತಪ್ಪಿದ್ದಕ್ಕಿಂತ ಇದೇನೂ ಕಡಿಮೆ ಅಲ್ಲ. ನಾಲ್ಕು ಚಕ್ರದ ಎಳೆತದ ಕಾರಿಗೆ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪನಿ, ಒಂದೇ ಮಾದರಿ ಹಾಕಿಸಿ. ಒಂದೇ ಸೈಜ್ ಎಂದು ಬರೆದ ಟೈರುಗಳೂ ಕಂಪನಿಯಿಂದ ಕಂಪನಿಗೆ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗಿರುತ್ತವೆ, ಆದ್ದರಿಂದ ಮುಂದೆ ಒಂದು ಹೆಸರು ಹಿಂದೆ ಇನ್ನೊಂದು ಹೆಸರು ಬೇಡ.

ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಇರುವ ಕಾರಾದರೆ ಎರಡೇ ಹಾಕಿಸಬಹುದು. ಮುಂದಿನ ಚಕ್ರದ ಎಳೆತವಿದ್ದು ನಾಲ್ಕೂ ಒಂದೇ ಸೈಜ್ ಆಗಿದ್ದರೆ ಹೊಸ ಎರಡು ಹಿಂದಕ್ಕೆ ಹೋಗಬೇಕು, ಎಳೆಯುವ ಮುಂದಿನ ಚಕ್ರಕ್ಕಲ್ಲ. ಮಳೆಯಲ್ಲಿ ಮುಂದೆ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದೆ ಜಾರಿದರೆ ಬುಗುರಿ.

## ಹಂತ 4: ನಕ್ಷತ್ರ ಬೇಕೆ?

ಟೈರ್ ಪಕ್ಕದಲ್ಲಿ ಸಣ್ಣ ನಕ್ಷತ್ರವಿದ್ದರೆ ಅದನ್ನು ಬಿಎಂಡಬ್ಲ್ಯುಗಾಗಿ ಹದಗೊಳಿಸಿದ್ದಾರೆ ಎಂದರ್ಥ. ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ, ಪೋರ್ಶೆಗೆ ಎನ್ ಅಕ್ಷರದ ಜೊತೆ ಒಂದು ಅಂಕಿ. ಒಂದೇ ಹೆಸರಿನ ಟೈರ್ ಗುರುತು ಬದಲಾದಂತೆ ಒಳಗೆ ಬೇರೆಯಾಗಿರುತ್ತದೆ. ಮುಂದೆ ನಕ್ಷತ್ರದ್ದು ಹಿಂದೆ ಗುರುತಿಲ್ಲದ್ದು ಹಾಕುವುದು ಎರಡು ಬೇರೆ ಟೈರ್ ಹಾಕಿದಂತೆಯೇ.

ನಕ್ಷತ್ರ ಇಲ್ಲದಿದ್ದರೆ ಕಾರು ಓಡುವುದಿಲ್ಲ ಎಂದೇನಿಲ್ಲ. ನಾಲ್ಕು ಚಕ್ರದ ಎಳೆತವಿದ್ದು, ಮುಂದೆ ಹಿಂದೆ ಬೇರೆ ಅಗಲವಿದ್ದರೆ ನಾನು ನಕ್ಷತ್ರವನ್ನೇ ಹುಡುಕುತ್ತೇನೆ, ಏಕೆಂದರೆ ಸುತ್ತಳತೆಯ ಹೊಂದಾಣಿಕೆ ಪರೀಕ್ಷೆಯಾಗಿ ಬಂದಿರುತ್ತದೆ. ಸಿಗದಿದ್ದರೆ ನಾಲ್ಕೂ ಗುರುತಿಲ್ಲದ್ದು, ನಾಲ್ಕೂ ಒಂದೇ ಮಾದರಿ.

## ಹಂತ 5: ರನ್‌ಫ್ಲಾಟ್ ಇರಲಿಯೋ, ಬಿಡುವುದೋ

ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಲ್ಲ ಗಟ್ಟಿ ಸೈಡ್‌ವಾಲ್‌ನ ಟೈರ್ ರನ್‌ಫ್ಲಾಟ್. ಬ್ರಿಜ್‌ಸ್ಟೋನ್ ಇದನ್ನು ಆರ್‌ಎಫ್‌ಟಿ ಎನ್ನುತ್ತದೆ, ಮಿಶೆಲಿನ್ ಝಡ್‌ಪಿ, ಕಾಂಟಿನೆಂಟಲ್ ಎಸ್‌ಎಸ್‌ಆರ್. ಹಳೆಯ ಟೈರಿನ ಮೇಲೆ ಈ ಅಕ್ಷರ ಇದೆಯೇ ನೋಡಿಕೊಳ್ಳಿ, ಎಷ್ಟೋ ಜನಕ್ಕೆ ತಮ್ಮ ಕಾರಿನಲ್ಲಿ ಯಾವುದಿದೆ ಎಂದೇ ಗೊತ್ತಿರುವುದಿಲ್ಲ.

ಬಿಟ್ಟರೆ ಲಾಭ ದೊಡ್ಡದು. ಹಂಪ್ ಮೇಲೆ ಕಾರು ಮೆತ್ತಗಾಗುತ್ತದೆ, ಆಯ್ಕೆ ಹೆಚ್ಚುತ್ತದೆ, ಬೆಲೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಶಿರಾಡಿ ಘಾಟಿಯಲ್ಲಿ ಪಂಚರ್ ಆದರೆ ಏನು ಮಾಡುತ್ತೀರಿ ಎಂಬುದಕ್ಕೆ ಮೊದಲೇ ಉತ್ತರ ಇರಬೇಕು. ಸ್ಪೇರ್ ಚಕ್ರ ಇಲ್ಲದಿದ್ದರೆ ಗಾಳಿ ಪಂಪು, ಪಂಚರ್ ಕಿಟ್ ಡಿಕ್ಕಿಯಲ್ಲಿ ಖಾಯಂ ಇರಲಿ. ಕಿಟ್‌ನಿಂದ ಆಗುವುದು ಟ್ರೆಡ್ಡಿಗೆ ಮೊಳೆ ಚುಚ್ಚಿದ ಪಂಚರ್ ಮಾತ್ರ, ಸೈಡ್‌ವಾಲ್ ಸೀಳಿದರೆ ಕಾರನ್ನು ಎಳೆದೊಯ್ಯುವ ಗಾಡಿಯೇ ಗತಿ. ಎರಡು ರನ್‌ಫ್ಲಾಟ್, ಎರಡು ಸಾದಾ ಎಂಬ ಮಿಶ್ರಣ ಯಾವ ಕಾರಣಕ್ಕೂ ಬೇಡ.

## ಹಂತ 6: ‘ಬೇಸಿಗೆ ಟೈರ್’ ಎಂದರೆ ಹೆದರಬೇಡಿ

ಇಂಥ ಕಾರಿನ ಟೈರುಗಳನ್ನು ‘ಬೇಸಿಗೆ ಟೈರ್’ ಎನ್ನುತ್ತಾರೆ, ಹೆಸರು ಯುರೋಪಿನದು. ಅಲ್ಲಿ ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಈ ರಬ್ಬರ್ ಗಡಸಾಗಿ ಹಿಡಿತ ಬಿಡುತ್ತದೆ ಎಂದು ಚಳಿಗಾಲಕ್ಕೆ ಬೇರೆ ಟೈರ್ ಹಾಕುತ್ತಾರೆ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮಲ್ಲಿ ಇದು ವರ್ಷಪೂರ್ತಿಯ ಟೈರ್, ಮಳೆಗಾಲವೂ ಸೇರಿ. ‘ಆಲ್ ಸೀಸನ್’ ಎಂಬ ಪದ ನೋಡಿ ಹೆಚ್ಚು ದುಡ್ಡು ಕೊಟ್ಟರೆ ಹಿಮದ ಮೇಲಿನ ಹಿಡಿತಕ್ಕೆ ಕೊಟ್ಟಂತೆ.

ಮ್ಯೂನಿಕ್‌ನಲ್ಲೋ ಡೆಟ್ರಾಯ್ಟ್‌ನಲ್ಲೋ ಇರುವವರ ಲೆಕ್ಕ ಬೇರೆ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರ್ ಕಡ್ಡಾಯ. ಶೂನ್ಯಕ್ಕಿಂತ ಕೆಳಗಿನ ಕೊರೆತದಲ್ಲಿ ಹೊರಗೆ ನಿಂತ ಕಾರನ್ನು ಅಲ್ಲಾಡಿಸಿದರೂ ಈ ರಬ್ಬರ್ ಬಿರುಕು ಬಿಡಬಹುದು.

## ಹಂತ 7: ಈಗ ಹೆಸರು

ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ. ವಾರವಿಡೀ ಔಟರ್ ರಿಂಗ್ ರೋಡಿನಲ್ಲಿ ತೆವಳಿ, ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಹೋಗುವವರಿಗೂ, ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ತಿರುವುಗಳಿಗಾಗಿಯೇ ಕಾರು ಇಟ್ಟವರಿಗೂ ಒಂದೇ ಟೈರ್ ಸರಿಹೋಗುವುದಿಲ್ಲ.

ಎಲ್ಲದರಲ್ಲೂ ಸಮತೂಕ, ಸವೆತವೂ ತಕ್ಕಮಟ್ಟಿಗೆ ನಿಧಾನ ಬೇಕೆಂದರೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಹೆಸರು ಪಟ್ಟಿಯ ಮೇಲಿರಲಿ. ಸ್ಟಿಯರಿಂಗ್ ಚುರುಕು, ಒದ್ದೆ ರಸ್ತೆಯ ಹಿಡಿತ ಮುಖ್ಯವಾದರೆ ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7. ಬ್ರಿಜ್‌ಸ್ಟೋನ್ ಪೊಟೆಂಝಾ ಸ್ಪೋರ್ಟ್ ಕೂಡ ಚುರುಕು, ಆದರೆ ನಮ್ಮ ಗುಂಡಿಗಳನ್ನು ಬೆನ್ನಿಗೆ ತಿಳಿಸುತ್ತದೆ. ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6 ಸ್ವಲ್ಪ ಸೌಮ್ಯ ಸ್ವಭಾವದ್ದು. ಮಿಶೆಲಿನ್ ಕಪ್ 2ರಂಥ ಟ್ರ್ಯಾಕ್ ಕಡೆಗೆ ವಾಲಿದ ಟೈರುಗಳನ್ನು ಚೆನ್ನೈ ಬಳಿಯ ರೇಸ್ ಸರ್ಕ್ಯೂಟಿಗೆ ಆಗಾಗ ಹೋಗುವವರು ಬಿಟ್ಟು ಮಿಕ್ಕವರು ಮರೆತುಬಿಡಿ. ನಿಂತ ನೀರಿನಲ್ಲಿ ಅವು ಭಯ ಹುಟ್ಟಿಸುತ್ತವೆ.

ಹೆಸರಿನ ಬಲೆಯೂ ಇದೆ. ಪೈಲಟ್ ಸ್ಪೋರ್ಟ್ 5 ಎಂಬುದು 4ಎಸ್‌ನ ಮುಂದಿನ ಆವೃತ್ತಿ ಅಲ್ಲ, ಅದು 4ರ ಜಾಗಕ್ಕೆ ಬಂದದ್ದು. 4ಎಸ್‌ನ ಮುಂದಿನ ಪೀಳಿಗೆಯ ಹೆಸರು ಪೈಲಟ್ ಸ್ಪೋರ್ಟ್ ಎಸ್5. ಐದು ನಾಲ್ಕಕ್ಕಿಂತ ದೊಡ್ಡದು ಎಂಬ ಗಣಿತ ಇಲ್ಲಿ ನಡೆಯುವುದಿಲ್ಲ. ಹಾಗೆಯೇ ಪ್ರೀಮಿಯಂಕಾಂಟ್ಯಾಕ್ಟ್ ಬೇರೆ, ಸ್ಪೋರ್ಟ್‌ಕಾಂಟ್ಯಾಕ್ಟ್ ಬೇರೆ. ಬರೀ ‘ಕಾಂಟಿ ಕೊಡಿ’ ಎಂದರೆ ಅಂಗಡಿಯಲ್ಲಿ ಇದ್ದದ್ದು ಬರುತ್ತದೆ. ಸವೆತದ ಬಾಳಿಕೆ ಹೇಳುವ ಟ್ರೆಡ್‌ವೇರ್ 300, 340 ಎಂಬ ಅಂಕಿಗಳನ್ನು ಕಂಪನಿಗಳ ನಡುವೆ ಹೋಲಿಸಬೇಡಿ, ಆ ಅಂಕಿಯನ್ನು ತಮ್ಮ ಟೈರಿಗೆ ತಾವೇ ಕೊಟ್ಟುಕೊಂಡಿರುತ್ತಾರೆ. ಯುರೋಪಿನ ಲೇಬಲ್ ಇದ್ದರೆ ಒದ್ದೆ ಹಿಡಿತದ ಅಕ್ಷರ ನೋಡಿ, ಎ ಉತ್ತಮ, ಇ ಕೊನೆಯದು.

19 ಇಂಚಿನ ರಿಮ್ ಇದ್ದು ತಿಂಗಳಿಗೊಂದು ಟೈರ್ ಉಬ್ಬುತ್ತಿದ್ದರೆ, ಕಾರಿನ ತಯಾರಕರು ಒಪ್ಪಿದ 18 ಇಂಚಿನ ರಿಮ್ ಸೆಟ್ಟಿನ ಬೆಲೆಯನ್ನೂ ವಿಚಾರಿಸಿ. ಸೈಡ್‌ವಾಲ್ ಸುಮಾರು ಹನ್ನೊಂದು, ಹನ್ನೆರಡು ಮಿ.ಮೀ. ಎತ್ತರವಾಗುತ್ತದೆ. ನೋಟ ಸ್ವಲ್ಪ ಕಳೆಯುತ್ತದೆ, ರಿಮ್ ಬೆಂಡ್ ತೆಗೆಸುವ ಖರ್ಚು ಉಳಿಯುತ್ತದೆ.

## ಹಂತ 8: ಅಂಗಡಿಯಲ್ಲಿ, ದುಡ್ಡು ಕೊಡುವ ಮುಂಚೆ

2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ಸರ್ಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಲ್ಲಿಂದೀಚೆಗೆ ಇಂಥ ಸೈಜುಗಳಿಗೆ ಕಾಯಬೇಕಾಗುವುದು ಸಾಮಾನ್ಯ. ಹಾಗಾಗಿ ಟೈರ್ ಪೂರ್ತಿ ಸವೆದ ಮೇಲೆ ಹುಡುಕಬೇಡಿ, 4 ಮಿ.ಮೀ. ಇರುವಾಗಲೇ ಎರಡು ಮೂರು ಕಡೆ ವಿಚಾರಿಸಿಡಿ. ಇದೇ ಕಾರಣಕ್ಕೆ ಗೋಡೌನಿನಲ್ಲಿ ಕೂತ ಹಳೆಯ ಸ್ಟಾಕ್ ನಿಮ್ಮ ತಲೆಗೆ ಬೀಳುವ ಸಾಧ್ಯತೆಯೂ ಉಂಟು.

ಸೈಡ್‌ವಾಲ್‌ನಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2325 ಎಂದರೆ 2025ರ 23ನೇ ವಾರ. ಪೂರ್ತಿ ಸಂಖ್ಯೆ ಒಂದೇ ಪಕ್ಕದಲ್ಲಿರುತ್ತದೆ, ಎರಡೂ ಪಕ್ಕ ತಿರುಗಿಸಿ ನೋಡಬೇಕು. ನಾಲ್ಕೂ ಟೈರಿನದ್ದು ಓದಿ, ಫೋಟೊ ತೆಗೆಯಿರಿ. ಒಂದು ವರ್ಷದೊಳಗಿನದಾದರೆ ಕಣ್ಣುಮುಚ್ಚಿ ಒಪ್ಪಿ. ಎರಡು ವರ್ಷ ಸಮೀಪಿಸಿದ್ದರೆ ಬೆಲೆ ಇಳಿಸಿ ಎನ್ನಿ. ಅದಕ್ಕೂ ಹಳೆಯದು ನನಗೆ ಬೇಡ. ಐಎಸ್‌ಐ ಗುರುತು, 15633 ಎಂಬ ಸಂಖ್ಯೆ ಇದೆಯೇ ನೋಡಿ, ಪ್ಯಾಸೆಂಜರ್ ಕಾರಿನ ಟೈರಿನ ಭಾರತೀಯ ಮಾನಕ ಅದು. ‘ಹೊರದೇಶದ ಮಾಲು ಸಾರ್, ಬಿಲ್ ಇಲ್ಲದೆ ಆದರೆ ಕಡಿಮೆ’ ಎಂದರೆ ಎದ್ದು ಬನ್ನಿ, ನಾಳೆ ಉಬ್ಬಿದರೆ ವಾರಂಟಿ ಕೇಳಲು ಯಾರೂ ಇರುವುದಿಲ್ಲ.

ಹಳೆಯ ಕೊಟೇಶನ್ ಹಿಡಿದು ಹೋಗುವವರು ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

## ಹಂತ 9: ಹಾಕಿಸುವಾಗ ಪಕ್ಕದಲ್ಲಿ ನಿಲ್ಲಿ

ಚಹಾ ಕುಡಿಯಲು ಹೋಗಬೇಡಿ. ನಾನೊಮ್ಮೆ ಹೋಗಿ ಬರುವಷ್ಟರಲ್ಲಿ ಒಂದು ಟೈರ್ ಒಳಹೊರಗಾಗಿ ಕೂತಿತ್ತು. ಅಸಿಮೆಟ್ರಿಕ್, ಅಂದರೆ ಒಳ ಹೊರ ಪಕ್ಕದ ಟ್ರೆಡ್ ಬೇರೆ ಬೇರೆ ಇರುವ, ಟೈರಿನ ಒಂದು ಪಕ್ಕದಲ್ಲಿ ಔಟ್‌ಸೈಡ್, ಇನ್ನೊಂದು ಪಕ್ಕದಲ್ಲಿ ಇನ್‌ಸೈಡ್ ಎಂದು ಅಚ್ಚಾಗಿರುತ್ತದೆ. ನಾಲ್ಕೂ ಚಕ್ರದಲ್ಲಿ ಹೊರಗಿನಿಂದ ಔಟ್‌ಸೈಡ್ ಎಂದೇ ಓದಬೇಕು. ನನಗೆ ಗೊತ್ತಾದದ್ದು ಮೂರು ವಾರ ಕಳೆದು, ಕಾರು ತೊಳೆಯುವಾಗ. ತಪ್ಪು ಅಂಗಡಿಯದ್ದು, ನೋಡದೆ ಬಂದ ತಪ್ಪು ನನ್ನದು. ಬಾಣದ ಗುರುತು ಇರುವ ಟೈರಾದರೆ ಬಾಣ ಕಾರು ಮುಂದೆ ಉರುಳುವ ದಿಕ್ಕಿಗೇ ಇರಬೇಕು.

ಹೊಸ ವಾಲ್ವ್ ಹಾಕಿಸಿ. ವಾಲ್ವ್ ಜೊತೆಗೆ ಗಾಳಿಯ ಸೆನ್ಸರ್ ಇದ್ದರೆ ಟೈರ್ ಬಿಚ್ಚುವ ಮೊದಲೇ ಹೇಳಿ, ಕಬ್ಬಿಣದ ಸಲಾಕೆ ಬಿದ್ದರೆ ಸೆನ್ಸರ್ ಪುಡಿ. ರಿಮ್ ಬೆಂಡ್ ಇದೆಯೇ ಎಂದು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗುವಾಗ ಅಂಚನ್ನೇ ದಿಟ್ಟಿಸಿ ನೋಡಿ, ತೊನೆದರೆ ಗೊತ್ತಾಗುತ್ತದೆ. ಬೋಲ್ಟ್‌ಗಳನ್ನು ಏರ್ ಗನ್ನಿನಿಂದ ಕೊನೆವರೆಗೂ ಬಿಗಿಯಲು ಬಿಡಬೇಡಿ. ಕೊನೆಯ ಬಿಗಿತ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಆಗಲಿ, ಈ 3 ಸೀರೀಸ್‌ಗೆ ಅದು 140 ನ್ಯೂಟನ್ ಮೀಟರ್.

ಆಮೇಲೆ ಅಲೈನ್‌ಮೆಂಟ್. ಹಂತ 1ರ ಚೀಟಿಯನ್ನು ಆ ಹುಡುಗನಿಗೆ ತೋರಿಸಿ, ಹಿಂದಿನ ಚಕ್ರಗಳ ಕೋನವನ್ನೂ ಸರಿಪಡಿಸಿದ ಪ್ರಿಂಟ್ ಕೇಳಿ. ‘ಮುಂದೆ ಮಾತ್ರ ಸಾಕು’ ಎಂದರೆ ಈ ಕಾರಿಗೆ ಸಾಲದು. ಗಾಳಿ ಸ್ಟಿಕರ್‌ನಲ್ಲಿರುವಷ್ಟೇ, ಟೈರ್ ತಣ್ಣಗಿರುವಾಗ. ನೈಟ್ರೋಜನ್ ಹಾಕಿಸಿದರೆ ನಷ್ಟವಿಲ್ಲ, ಅದಕ್ಕಾಗಿ ಐದು ಕಿ.ಮೀ. ಸುತ್ತುವ ಅಗತ್ಯವೂ ಇಲ್ಲ.

## ಹಂತ 10: ಮೊದಲ 300 ಕಿಲೋಮೀಟರ್

ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದ ಜಿಡ್ಡಿನಿಂದ ಸ್ವಲ್ಪ ಜಾರುತ್ತದೆ. 374 ಅಶ್ವಶಕ್ತಿಯನ್ನು ಅಂಗಡಿಯ ಬಾಗಿಲಲ್ಲೇ ಪರೀಕ್ಷಿಸಬೇಡಿ. ಹೊರಡುವ ಮುಂಚೆ ಗಾಳಿಯ ಸೂಚಕವನ್ನು ಕಾರಿನ ಮೆನುವಿನಲ್ಲಿ ರೀಸೆಟ್ ಮಾಡಿ, 100 ಕಿ.ಮೀ. ಒಳಗೆ ಬೋಲ್ಟ್ ಬಿಗಿತ ಮತ್ತೊಮ್ಮೆ ನೋಡಿಸಿ.

ಎಂಬತ್ತರಿಂದ ನೂರರ ನಡುವೆ ಸ್ಟಿಯರಿಂಗ್ ನಡುಗಿದರೆ ಮುಂದಿನ ಬ್ಯಾಲೆನ್ಸಿಂಗ್, ಸೀಟು ನಡುಗಿದರೆ ಹಿಂದಿನದು. ಸಮತಟ್ಟು ರಸ್ತೆಯಲ್ಲಿ ಒಂದು ಕಡೆಗೆ ಎಳೆದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಿ, ಬಾಣದ ಟೈರಿಗೆ ಮಾತ್ರ ಇದು ಬೇಡ. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನಲ್ಲಿ, ಹಾಗೆಯೇ ಇದ್ದರೆ ಅಲೈನ್‌ಮೆಂಟಿನಲ್ಲಿ.

## ಹಳೆಯ ನಾಲ್ಕನ್ನು ಅಂಗಡಿಯಲ್ಲೇ ಬಿಡುವ ಮುಂಚೆ

ಉಬ್ಬಿದ ಟೈರ್ ಇದ್ದರೆ ಅದರ ಸೈಡ್‌ವಾಲ್ ನಿಮ್ಮ ಕಣ್ಣೆದುರೇ ಕೊಯ್ಯಿಸಿ, ಇಲ್ಲದಿದ್ದರೆ ಬಣ್ಣ ಬಳಿಸಿಕೊಂಡು ಇನ್ಯಾರದೋ ಟ್ಯಾಕ್ಸಿಗೆ ಹೋಗುತ್ತದೆ. ನಾಲ್ಕರಲ್ಲಿ ಒಂದು ಮುಂದಿನದು, ಒಂದು ಹಿಂದಿನದು ಗಾಯವಿಲ್ಲದೆ ಉಳಿದಿದ್ದರೆ ಮನೆಗೆ ತನ್ನಿ. ಹೊಸದೊಂದು ಗುಂಡಿಗೆ ಬಲಿಯಾದರೆ ನಿಧಾನವಾಗಿ ಅಂಗಡಿವರೆಗೆ ಹೋಗಲು ಅದು ಸಾಕು, ಓಡಾಟಕ್ಕಲ್ಲ: ಹಂತ 3ರ ಸುತ್ತಳತೆಯ ಜಗಳ ಇಲ್ಲೂ ಇದೆ. ರಿಮ್ ಇಲ್ಲದ ಟೈರನ್ನು ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ಬೀಳದ ಕಡೆ. ನೀರೆತ್ತುವ ಮೋಟಾರ್, ಜನರೇಟರ್ ಪಕ್ಕ ಬೇಡ, ಅವುಗಳಿಂದ ಹೊಮ್ಮುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.